ನಿಂತಲ್ಲೇ ಸಂಚರಿಸಿದ ಕ್ಯಾರವಾನು

ಎಪ್ಪತ್ತೆಂಟನೇ ಇಸವಿಯಲ್ಲಿ ಭದ್ರಾವತಿಯ ಕಾರ್ಖಾನೆಯೊಂದರ ಆನೆಗಾತ್ರದ ಪಂಪು ಕೆಟ್ಟು ನಿಂತಾಗ, ಮುರುಗೇಶಪ್ಪ ಅದರ ಬೆನ್ನು ತಟ್ಟಿ ಎರಡು ಒಳ್ಳೆ ಮಾತು ಹೇಳಿ ಓಡಿಸಿದ್ದು ಸತ್ಯಸಂಗತಿ. ಕಣ್ಣಾರೆ ಕಂಡವರು ನಾಲ್ಕು ಜನ. ಮೂವರು ತೀರಿಕೊಂಡಿದ್ದಾರೆ, ನಾಲ್ಕನೆಯವನು ಮುರುಗೇಶಪ್ಪನೇ. ಪಂಪು ಗುಜರಿಗೆ ಹೋಗಿ ಇಪ್ಪತ್ತು ವರ್ಷವಾಯಿತು.

ಆದ್ದರಿಂದ ಶಿವಮೊಗ್ಗದ ಸಂಚಾರಿ ವಸತಿ ಪ್ರಾಧಿಕಾರದ ಏಕೈಕ ಕ್ಯಾರವಾನಿನಲ್ಲಿ ನೀರು ಬಾರದಾದಾಗ, ಅದರ ಡ್ರೈವರ್ ಶಿವರಾಮ ತನ್ನ ಮಾವನಾದ ಮುರುಗೇಶಪ್ಪನನ್ನೇ ಕರೆತಂದ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇದ್ದ ಆ ಗಾಡಿ ಪ್ರವಾಸಿಗರನ್ನು ಸಕ್ರೆಬೈಲಿನ ಆನೆಗಳ ಹತ್ತಿರ ಒಯ್ಯಬೇಕಿತ್ತು. ಶವರ್ ತಿರುಗಿಸಿದರೆ ಪಂಪು ಟಕಟಕ ಅನ್ನುತ್ತಿತ್ತು, ನೀರು ಮಾತ್ರ ತೀರ್ಥ ಕೊಟ್ಟಷ್ಟು. ಶುಕ್ರವಾರದ ತಪಾಸಣೆಯಲ್ಲಿ ಮೂರು ನಿಮಿಷಕ್ಕೆ ಒಂದು ಬಕೀಟು ತುಂಬದಿದ್ದರೆ ಗಾಡಿ ಬೇರೆ ಜಿಲ್ಲೆಗೆ, ಶಿವರಾಮ ಮನೆಗೆ ಎಂದು ಆದೇಶವಾಗಿತ್ತು.

ಮುರುಗೇಶಪ್ಪ ಮಂಚದಡಿಯ ಪಂಪನ್ನು ಬಹಳ ಹೊತ್ತು ನೋಡಿದ. ಪಂಪೂ ಅವನನ್ನು ನೋಡಿತು.

"ಬಿಚ್ಚಿ ನೋಡಿದ್ರಾ?" ಕಾಫಿ ಮುಗಿಸಿ ಬಂದ ಅಧಿಕಾರಿ ರಶ್ಮಿ ಕೇಳಿದರು.

"ನೀವು ಆ ಕಡೆ ಹೋದಾಗ್ಲೇ ಪೂರ್ತಿ ಬಿಚ್ಚಿ, ತೊಳೆದು, ಹಾಕ್ದೆ ತಾಯಿ. ಪಂಪು ಬಂಗಾರದಂಥದ್ದು. ನೆತ್ತಿ ಮೇಲೆ ಟ್ಯಾಂಕೇ ಇಲ್ವಲ್ಲ, ನೀರನ್ನ ಒತ್ತೋರು ಯಾರು?"

ಗೋಪಾಳ ಬಡಾವಣೆಯ ಮನೆಮನೆಯ ಮೇಲೂ ಕರಿ ಟ್ಯಾಂಕು ಕೂತಿರುವಾಗ ಇದನ್ನು ಅಲ್ಲಗಳೆಯುವುದು ಹೇಗೆ? ಮಂಗಳವಾರ ಗಾಂಧಿ ಬಜಾರಿನಿಂದ ಸಾವಿರ ಲೀಟರಿನ ಟ್ಯಾಂಕ್ ಬಂದು ಕ್ಯಾರವಾನಿನ ತಲೆ ಮೇಲೆ ಕೂತಿತು. ಗಾಡಿಯ ಛಾವಣಿ ಎರಡಿಂಚು ತಗ್ಗಿತು. ಒತ್ತಡ ಹೆಚ್ಚಿದ್ದಕ್ಕೆ ಇದೇ ಸಾಕ್ಷಿ ಎಂದು ಕಡತದಲ್ಲಿ ನಮೂದಾಯಿತು. ಪಂಪಿನ ಮೂಲಕವೇ ಬರಬೇಕಿದ್ದ ನೀರು ಮಾತ್ರ ಹಿಂದಿನಷ್ಟೇ.

"ಎತ್ತರ ಸಾಲ್ದು," ಎಂದ ಮುರುಗೇಶಪ್ಪ.

ಬುಧವಾರ ಗಾಡಿಯ ನಾಲ್ಕೂ ಮೂಲೆಗೆ ಕಬ್ಬಿಣದ ಕಂಬ ನೆಟ್ಟರು. ಗುರುವಾರ ಟ್ಯಾಂಕು ಇಪ್ಪತ್ತೈದು ಅಡಿ ಮೇಲೇರಿತು. ಪೈಪನ್ನು ಪಂಪಿಗೆ ಒಂದು ಮಾತೂ ಹೇಳದೆ ನೇರ ಶವರಿಗೆ ಜೋಡಿಸಲಾಯಿತು. ಶುಕ್ರವಾರ ಬಕೀಟು ಎರಡೇ ನಿಮಿಷಕ್ಕೆ ತುಂಬಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮೇಡಂ, ಈ ಕಂಬದ ಮಧ್ಯದಿಂದ ಗಾಡಿ ಹೆಂಗೆ ತೆಗೀಲಿ?" ಎಂದ ಶಿವರಾಮ.

ರಶ್ಮಿ ತಪಾಸಣೆಯ ನಮೂನೆ ತಿರುವಿ ನೋಡಿದರು. "ನೀರಿಗೆ ಕಾಲಂ ಇದೆ ಶಿವರಾಮ್. ಓಡೋದಕ್ಕೆ ಕಾಲಂ ಇಲ್ಲ."

ಸಂಜೆಯೇ ಸುತ್ತೋಲೆ ಹೊರಟಿತು: ಕ್ಯಾರವಾನು ಇನ್ನು ಮುಂದೆ ನಿಂತಲ್ಲೇ ಸಂಚರಿಸತಕ್ಕದ್ದು. ಸಂಚಾರದ ವೇಳೆ ಚಾಲಕನು ಸೀಟಿನಲ್ಲಿ ಹಾಜರಿದ್ದು ತಿರುವುಗಳಲ್ಲಿ ಹಾರನ್ ಮಾಡತಕ್ಕದ್ದು. ಆನೆ ನೋಡಬಯಸುವವರು ಬಸ್ಸಿನಲ್ಲಿ ಹೋಗಿಬರತಕ್ಕದ್ದು. ದಾವಣಗೆರೆಯ ಕುಟುಂಬವೊಂದು ಎರಡು ದಿನ ಪ್ರಯಾಣ ಮಾಡಿ, "ಎಲ್ಲೂ ಕುಲುಕಲಿಲ್ಲ, ಚಾಲಕರು ಬಹಳ ಜಾಗರೂಕರು" ಎಂದು ಬರೆದು ಹೋಯಿತು. ಶಿವರಾಮನ ಕೆಲಸ ಗಟ್ಟಿಯಾಯಿತು.

ಮರುವಾರದ ಭಾನುವಾರ ಅಪ್ಪನಿಗೂ ತಾತನಿಗೂ ಬುತ್ತಿ ತಂದ ಶಿವರಾಮನ ಮಗಳು ಅಕ್ಷರಾ ಪಾಲಿಟೆಕ್ನಿಕ್ಕಿನಲ್ಲಿ ಓದುವವಳು. ಸುಮ್ಮನೆ ಕೂರಲಾರದೆ ಪಂಪಿನ ಬಾಯಿಗಿದ್ದ ಜಾಲರಿ ಬಿಚ್ಚಿದಳು. ಒಳಗೆ ಪ್ಲಾಸ್ಟಿಕ್ ಹೆರೆತದ ಚೂರು ಗಿಡಿದು ತುಂಬಿತ್ತು. ಅದನ್ನು ಕೊಡವಿ, ಶವರನ್ನು ಮತ್ತೆ ಪಂಪಿಗೆ ಜೋಡಿಸಿದಳು. ನೀರು ಎದುರಿನ ಗೋಡೆಗೆ ಬಡಿಯಿತು.

ಸದ್ದು ಕೇಳಿ ಓಡಿಬಂದ ರಶ್ಮಿಯ ಮುಖ ಬಿಳಿಚಿತು. "ಅಕ್ಷರಾ, ಆ ಕಸ ಎಲ್ಲಮ್ಮ?"

"ಹೊರಗೆ ಚೆಲ್ಲಿದೆ ಮೇಡಂ. ಯಾಕೆ?"

"ಪಂಪು ಸರಿಯಿದ್ರೆ ಟ್ಯಾಂಕ್ ಬೇಡ. ಟ್ಯಾಂಕ್ ಬೇಡದಿದ್ರೆ ಮುಗಿದ ಕಡತ ತೆರೀಬೇಕು. ಕಡತ ತೆರೆದ್ರೆ ಗಾಡೀನ ಮೊದಲು ಬೇರೆ ಜಿಲ್ಲೆಗೆ ಕಳಿಸ್ತಾರೆ."

ಕೊನೆಯ ಮಾತು ಮುಗಿಯುವ ಮೊದಲೇ ಶಿವರಾಮ ಅಂಗಳದಲ್ಲಿ ಮಂಡಿಯೂರಿದ್ದ. ಒಂದೊಂದೇ ಚೂರು ಹೆಕ್ಕಿ ಕರವಸ್ತ್ರದಲ್ಲಿ ತಂದು ಜಾಲರಿಗೆ ತುಂಬಿದ. ಪಂಪು ಟಕಟಕ ಅಂದಿತು, ನೀರು ನಿಂತಿತು. ಶವರನ್ನು ಮತ್ತೆ ಟ್ಯಾಂಕಿಗೆ ಜೋಡಿಸಿದ. 'ಯಥಾಸ್ಥಿತಿ ಮರುಸ್ಥಾಪಿಸಲಾಗಿದೆ' ಎಂದು ಬರೆದು ರಶ್ಮಿ ಸಹಿ ಮಾಡಿದರು. ಎಲ್ಲರಿಗೂ ನೆಮ್ಮದಿಯಾಯಿತು. ಬುತ್ತಿ ಬಿಚ್ಚಿದರು.

ಅಕ್ಷರಾ ಮಾತ್ರ ತುತ್ತು ಕೈಯಲ್ಲೇ ಹಿಡಿದಿದ್ದಳು. "ತಾತ, ಪೂರ್ತಿ ಬಿಚ್ಚಿ ತೊಳೆದೆ ಅಂದ್ರಂತೆ. ಪಂಪಿನ ಮೇಲೆ ಕಂಪನಿಯವರ ಸೀಲು ಹಾಗೇ ಇತ್ತು, ಕಿತ್ತಿದ್ದೇ ನಾನು. ನೀವು ತೊಳೆದಿದ್ದು ಏನು?"

ಮುರುಗೇಶಪ್ಪ ಹೆಗಲು ಕುಣಿಸಿದ.

"ಕೈ ತೊಳೆದೆ ಮಾರಾಯ್ತಿ."