ಉಗ್ಗಿಗೊಂದು ರಾಜಮುದ್ರೆ

ಬಹಳ ಹಿಂದೆ, ಅಂದರೆ ನಿನ್ನೆಯ ಪತ್ರಿಕೆಯಲ್ಲಿ ಇಂದು ಮಂಡಕ್ಕಿ ಕಟ್ಟುವಷ್ಟು ಹಿಂದೆ, ವಾಚಾಲಪುರವೆಂಬ ರಾಜ್ಯವಿತ್ತು. ಅದರ ದೊರೆ ಪ್ರಚಂಡಕೀರ್ತಿ ಮಹಾರಾಜರಿಗೆ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಬಿರುದು ಸೇರುತ್ತಿತ್ತು. ಆ ವರ್ಷಕ್ಕೆ ಐವತ್ತೆರಡಾಗಿದ್ದವು. ಅವುಗಳ ಅಕ್ಷರಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಅರಮನೆಯ ಪತಾಕೆಗೆ ಹೊಲಿಯುವ ಕೆಲಸ ದೇವೀರಮ್ಮನದು. ರಾಜಭಕ್ತಿ ಎಷ್ಟು ಮೊಳವಿದೆಯೆಂದು ಕರಾರುವಾಕ್ಕಾಗಿ ಹೇಳಬಲ್ಲವಳು ರಾಜ್ಯದಲ್ಲಿ ಅವಳೊಬ್ಬಳೇ.

ಶಾಲೆಯಲ್ಲಿ ಹಾಜರಿ ಹೇಳುವ ಮುನ್ನ ಪ್ರತಿ ಮಗುವೂ ಮಹಾರಾಜರ ಬಿರುದುಗಳನ್ನೆಲ್ಲ ತಡವರಿಸದೆ ಒಪ್ಪಿಸಬೇಕೆಂಬುದು ರಾಜಾಜ್ಞೆ. ತಡವರಿಸಿದರೆ ಗೈರುಹಾಜರಿ. ದೇವೀರಮ್ಮನ ಏಳು ವರ್ಷದ ಮಗಳು ಬಕುಳಾ ಮಾತಾಡುವಾಗ ಉಗ್ಗುತ್ತಿದ್ದಳು. ಹೀಗಾಗಿ ಒಂದು ದಿನವೂ ಶಾಲೆ ತಪ್ಪಿಸದ ಹುಡುಗಿ, ರಿಜಿಸ್ಟರಿನ ಪ್ರಕಾರ ಒಂದು ದಿನವೂ ಶಾಲೆಗೆ ಬಂದಿರಲಿಲ್ಲ.

"ನನ್ನ ಕಣ್ಣಿಗೇನೋ ಕಾಣ್ತಾಳಮ್ಮ," ಎಂದರು ಹೆಡ್‌ಮೇಷ್ಟ್ರು ದೇವೀರಮ್ಮನಿಗೆ, ಮುಂದಿನ ಬೆಂಚಿನಲ್ಲಿ ಕೂತಿದ್ದ ಬಕುಳಾಳನ್ನೇ ನೋಡುತ್ತ. "ಸಿಸ್ಟಮ್‌ಗೆ ಕಾಣಬೇಕಲ್ಲ! ಯುಗಾದಿವರೆಗೂ ಹೀಗೇ ಆದ್ರೆ ಹೆಸರು ಹೊಡೆದು ಹಾಕಬೇಕಾಗುತ್ತೆ."

"ಮಾತು ಕಲಿಸೋಕೆ ಶಿವನಂಜಪ್ಪ ಮೇಷ್ಟ್ರು ಬರ್ತಿದ್ರಲ್ಲ ಸಾರ್?"

"ಡೆಪ್ಯುಟೇಶನ್ ಮೇಲೆ ಅರಮನೆಗೆ ಹೋದ್ರು. ಐವತ್ತೆರಡನೇ ಬಿರುದಲ್ಲಿ ಮಂತ್ರಿಗಳ ನಾಲಿಗೆ ತೊಡರಿಕೊಳ್ತಿತ್ತಂತೆ."

ಮೊದಲೆಲ್ಲ ಮಗಳ ಮಾತು ನಿಂತಲ್ಲಿ ದೇವೀರಮ್ಮ ತಾನೇ ಅದನ್ನು ಮುಗಿಸಿಬಿಡುತ್ತಿದ್ದಳು. ಅದು ಪ್ರೀತಿಯೋ, ಕೇಳುವವರೆದುರು ತನಗಾಗುವ ನಾಚಿಕೆಯೋ ಎಂದು ಯೋಚಿಸಿರಲಿಲ್ಲ. ಶಿವನಂಜಪ್ಪ ಮೇಷ್ಟ್ರು ಮಾತ್ರ ಮಗುವಿನೆದುರು ನೆಲದ ಮೇಲೆ ಕೂತು, ಬೇರೇನೂ ಕೆಲಸವಿಲ್ಲದವರಂತೆ ಕಾಯುತ್ತಿದ್ದರು. ಮೂರೇ ವಾರದಲ್ಲಿ ಬಕುಳಾ ಪಕ್ಕದ ಮನೆಗೆ ಒಬ್ಬಳೇ ಹೋಗಿ, ಹೆಪ್ಪಿಗೆ ಮಜ್ಜಿಗೆ ಕೇಳಿ ತಂದಿದ್ದಳು. ದೇವೀರಮ್ಮನಿಗೆ ಬೇಕಿದ್ದುದು ಅಂಥ ಒಂದು ಗಂಟೆ, ವಾರಕ್ಕೊಮ್ಮೆ.

ಅವಳು ಮಗಳ ಕೈಹಿಡಿದು ದರ್ಬಾರಿಗೆ ನಡೆದಳು.

"ಫಲಾನುಭವಿ ಯಾರು?" ಎಂದ ವಾಕ್ಚಾತುರ್ಯ ಖಾತೆಯ ಮಂತ್ರಿ ಸ್ತುತಿಪಾಲ.

"ನನ್ನ ಮಗಳು, ಬುದ್ಧಿ."

"ಹಾಗಾದರೆ ಅವಳೇ ಬಿನ್ನವಿಸಿಕೊಳ್ಳಲಿ. ನೀನು ಬಾಯಿ ಬಿಟ್ಟರೆ ಮಧ್ಯವರ್ತಿಯಾಗುತ್ತೀ."

ಬಕುಳಾ ಮುಂದೆ ಬಂದಳು. "ಮ… ಮ… ಮ… ಮ… ಮಹಾರಾಜರೇ," ಎಂದಳು. ಮುಂದಿನ ಮಾತು ದೇವೀರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅವಳು ತುಟಿ ಕಚ್ಚಿ ಕಾದಳು. "ನ… ನಮ್ಮ ಮೇಷ್ಟ್ರನ್ನ ವಾ… ವಾ… ವಾಪಸ್ ಕಳಿಸಿ."

ಪೂರ್ತಿ ವಾಕ್ಯ! ದೇವೀರಮ್ಮನ ಕಣ್ಣು ತುಂಬಿತು. ಆಶ್ಚರ್ಯವೆಂದರೆ, ಮಹಾರಾಜರ ಕಣ್ಣೂ ತುಂಬಿತ್ತು.

"ಸ್ತುತಿಪಾಲ, ಈ ಮಗು ಏಕೆ ಹೀಗೆ ನುಡಿಯಿತು?"

"ತಮ್ಮ ತೇಜಸ್ಸಿನೆದುರು ಕಂಠ ಗದ್ಗದಿಸಿದೆ, ಪ್ರಭು! ನನಗೂ ಹಾಗೇ ಆಗುತ್ತದೆ, ಮನೆಗೆ ಹೋದಮೇಲೆ."

"ಇಲ್ಲೇಕೆ ಆಗುವುದಿಲ್ಲ? ಇಷ್ಟು ವರ್ಷ ನೀವೆಲ್ಲ ನನ್ನೆದುರು ಸಲೀಸಾಗಿ ಮಾತಾಡಿದ್ದೀರಿ. ಅಂದರೆ ಗೌರವವೇ ಇರಲಿಲ್ಲ!"

ದರ್ಬಾರು ನಡುಗಿತು. ಸ್ತುತಿಪಾಲ ಅಡ್ಡಬಿದ್ದು, "ಪ್ರ… ಪ್ರ… ಪ್ರಭು!" ಎಂದ.

ಸಂಜೆಯೊಳಗೆ ಗೆಜೆಟ್ ಹೊರಬಿತ್ತು. ಇನ್ನು ಮುಂದೆ ಮಹಾರಾಜರ ಪ್ರತಿ ಬಿರುದಿನ ಮೊದಲ ಅಕ್ಷರವನ್ನು ಮೂರು ಸಲ ನುಡಿಯತಕ್ಕದ್ದು. ಮಂತ್ರಿಮಂಡಲಕ್ಕೆ ಶಾಸ್ತ್ರೋಕ್ತವಾಗಿ ಉಗ್ಗುವುದನ್ನು ಕಲಿಸಲು ಶಿವನಂಜಪ್ಪ ಮೇಷ್ಟ್ರನ್ನು ಅರಮನೆಯಲ್ಲೇ ಕಾಯಂಗೊಳಿಸಲಾಯಿತು. ಬಕುಳಾಗೆ ಒಂದು ಶಾಲು, 'ರಾಜಭಕ್ತಿಯ ಬ್ರ್ಯಾಂಡ್ ಅಂಬಾಸಿಡರ್' ಎಂಬ ಪ್ರಮಾಣಪತ್ರ ಸಿಕ್ಕಿತು. ಅವಳ ಮನವಿಯನ್ನು 'ಸಕಾರಾತ್ಮಕವಾಗಿ ಪರಿಗಣಿಸಲಾಗಿದೆ' ಎಂದೂ ಅದರಲ್ಲಿ ಬರೆದಿತ್ತು.

ಮೇಷ್ಟ್ರು ಹೋದರೆ ಹೋಗಲಿ, ರಿಜಿಸ್ಟರಿನಲ್ಲಿ ಮಗಳ ಹೆಸರಾದರೂ ಉಳಿಯಿತಲ್ಲ ಎಂದುಕೊಂಡಳು ದೇವೀರಮ್ಮ. ಯುಗಾದಿಯ ಹಿಂದಿನ ದಿನ ಶಾಲೆಗೆ ಇನ್‌ಸ್ಪೆಕ್ಟರ್ ಬಂದ. ಮಕ್ಕಳೆಲ್ಲ ಕವಾಯತಿನ ಹೆಜ್ಜೆಯಂತೆ ಮೂರು ಮೂರು ಸಲ ಉಗ್ಗಿ ಕೂತರು. ಬಕುಳಾಳ ಸರದಿ ಮುಗಿಯುತ್ತಲೇ ಅವನು ತಲೆಯಾಡಿಸಿದ.

"ಒಂದು ಕಡೆ ಐದು, ಇನ್ನೊಂದು ಕಡೆ ಎರಡು, ಮಧ್ಯೆ ಒಂದು ಕಡೆ ಏನೂ ಇಲ್ಲ. ಈ ಉಗ್ಗು ಸ್ಟ್ಯಾಂಡರ್ಡ್ ಅಲ್ಲ."

"ಇವಳನ್ನ ನೋಡೇ ಅಲ್ವಾ ಸ್ವಾಮಿ ಆ ಕಾನೂನು ಮಾಡಿದ್ದು?" ಎಂದಳು ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ.

"ಅದಕ್ಕೇ ಹೇಳ್ತಿರೋದು ಕಣಮ್ಮ. ಅಂಬಾಸಿಡರ್ರೇ ಹೀಗೆ ಮಾಡಿದ್ರೆ ಉಳಿದ ಮಕ್ಕಳ ಗತಿ ಏನು?"

ಹೆಸರು ಹೊಡೆದುಹಾಕಿದರು.

ಮುಂದಿನ ಹುಟ್ಟುಹಬ್ಬಕ್ಕೆ ಮಹಾರಾಜರು 'ಗದ್ಗದಪ್ರಿಯ'ರೂ ಆದರು. ಐವತ್ತಮೂರು ಬಿರುದುಗಳಿಗೂ ಮೊದಲ ಅಕ್ಷರ ಮೂರು ಮೂರು ಸಲ ಹೊಲಿಯಬೇಕಾಗಿ ಬಂದು, ಉಗ್ರಾಣದ ಬಟ್ಟೆ ಸಾಲದಾಯಿತು. ಮನೆಗೊಂದು ಉಡುಪು ಕೊಡಬೇಕೆಂದು ಡಂಗುರ ಸಾರಿದರು. ಜನ ಸೀರೆ, ಪಂಚೆ, ತೊಟ್ಟಿಲಬಟ್ಟೆ ತಂದು ಸುರಿದರು. ದೇವೀರಮ್ಮನ ಮನೆಗೆ ಬಂದ ಕಾವಲುಗಾರ ತಂತಿಯ ಮೇಲಿದ್ದ ಯೂನಿಫಾರ್ಮಿನ ನೀಲಿ ಲಂಗವನ್ನೆಳೆದು ಅವಳ ಮಡಿಲಿಗೇ ಹಾಕಿದ.

"ಇದನ್ನೇ ಹೊಲಿ. ಇನ್ನು ಇದೇನೂ ಬೇಕಾಗಲ್ವಲ್ಲ."

ಅವನು ಹೋದಮೇಲೆ ಬಕುಳಾ ಪಕ್ಕದಲ್ಲಿ ಬಂದು ಕೂತಳು.

"ಅಮ್ಮಾ, ಅ… ಅ… ಅ… ಅ… ಅವರೆಲ್ಲ ಯಾಕೆ ನ… ನನ್ನ ಥರ ಮಾತಾಡ್ತಾರೆ?"

ಮಾತು ಮುಗಿಯುವ ತನಕ ದೇವೀರಮ್ಮ ಕಾದಳು. ಕಾಯುವುದನ್ನು ಈಗ ಕಲಿತಿದ್ದಳು. ಮಗಳ ತಲೆ ಸವರಿ, ಕತ್ತರಿ ಕೈಗೆತ್ತಿಕೊಂಡಳು.

ಲಂಗ ಚಿಕ್ಕದು. ಆದರೂ ಗೆಜೆಟ್ಟಿನ ಪ್ರಕಾರ 'ಮಹಾರಾಜ'ಕ್ಕೆ ಬೇಕಾದ ಮೂರು 'ಮ' ಅದರಲ್ಲಿ ಸರಿಯಾಗಿ ಹೊರಟವು.