ಹನ್ನೊಂದು ಕಚ್ಚಿನ ಮೂಕಿ

ಯಾರದಾದರೂ ಮಗುವನ್ನು ಶಾಲೆಗೆ ಸೇರಿಸಿಕೊಡುತ್ತೇನೆಂದು ಮಾತು ಕೊಟ್ಟು ನೋಡಿ, ಅಂದಿನಿಂದ ನಿಮ್ಮ ಮರ್ಯಾದೆಗೆ ರಜೆ. ಪೆನ್ಷನ್ ಬಂದು ಇಷ್ಟು ವರ್ಷವಾದರೂ ಸಂಜೆ ಜಗಲಿಯಲ್ಲಿ ಕೂತು ಒಬ್ಬನೇ ನಗುತ್ತಿದ್ದರೆ, ನಮ್ಮ ಮನೆಯವಳು ಒಳಗಿನಿಂದಲೇ, "ಮತ್ತೆ ಆ ಮೂಕಿ ನೆನಪಾಯ್ತೇನೋ!" ಎನ್ನುತ್ತಾಳೆ. ಅದೇ. ನಗು ಬರುವುದೇನೋ ನಿಜ. ನಡೆದಾಗ ಮಾತ್ರ ನಗುವಂಥದ್ದು ಏನೂ ಇರಲಿಲ್ಲ.

ಮಹಾರಾಜರ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಹುಣಸೂರಿನ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದಿದ್ದೆ. ಪಕ್ಕದ ಮನೆ ಗಾಡಿ ಮಿಸ್ತ್ರಿ ಸಾಹೇಬರದು. ಎತ್ತಿನ ಗಾಡಿ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹೆಂಡತಿ ಜ್ವರದಲ್ಲಿ ಹೋಗಿ ಐದು ವರ್ಷ. ಒಬ್ಬಳೇ ಮಗಳು. ಹೋಗುವಾಗ ಆಕೆ ಒಂದೇ ಮಾತು ಹೇಳಿದ್ದಳಂತೆ: "ಇವಳ ಕೈಗೆ ಸೌಟು ಕೊಡೋಕೆ ಮುಂಚೆ ಬಳಪ ಕೊಡಿ."

ಊರಿನ ವಕೀಲರು ಕೆಲವರು ಸೇರಿ ನಡೆಸುತ್ತಿದ್ದ ಖಾಸಗಿ ಹೆಣ್ಣುಮಕ್ಕಳ ಶಾಲೆ ಒಂದಿತ್ತು. ಇಂಗ್ಲಿಷ್ ಕಲಿಸುವುದು ಅಲ್ಲೊಂದೇ. ಸೇರುವ ಮಗುವಿಗೆ ಹತ್ತು ವರ್ಷ ತುಂಬಿರಬಾರದು ಎಂಬುದು ಅಲ್ಲಿಯ ನಿಯಮ. ಈ ವರ್ಷ ತಪ್ಪಿದರೆ ಮಿಸ್ತ್ರಿಯ ಮಗಳಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. "ಸ್ವಾಮಿ, ನಮ್ಮ ಬೀದೀಲಿ ಇಂಗ್ಲಿಷ್ ಬರೋರು ನೀವೊಬ್ಬರೇ," ಎಂದು ಮಿಸ್ತ್ರಿ ಕೈಮುಗಿದರು. ನಾನು ಉಬ್ಬಿಹೋದೆ.

೧. ಅರ್ಜಿ

ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಇಳಿಸುವುದಕ್ಕೆ ಅಂಥ ಅವಕಾಶ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ವಿದ್ಯೆಯ ಮಹಿಮೆ, ಸ್ತ್ರೀಶಿಕ್ಷಣದ ಅಗತ್ಯ, ಗ್ರೀಕರು ಏನೆಂದರು, ರೋಮನರು ಏನೆಂದರು, ಎಲ್ಲ ಸೇರಿ ಫುಲ್‌ಸ್ಕೇಪಿನ ನಾಲ್ಕು ಪುಟ. ಮಿಸ್ತ್ರಿ ಅದನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

ಹೆಡ್‌ಮಾಸ್ಟರು ಒಣಗಿದ ಮನುಷ್ಯ. ನಕ್ಕದ್ದನ್ನು ಕಂಡವರು ಊರಲ್ಲಿರಲಿಲ್ಲ. ನಾಲ್ಕು ಪುಟವನ್ನೂ ನಿಧಾನವಾಗಿ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಬಹಳ ಚೆನ್ನಾಗಿದೆ. ತಮಗೆ ಇಲ್ಲಿ ಸೇರೋ ವಯಸ್ಸು ಮೀರಿದೆ."

"ನನಗಲ್ಲ ಸಾರ್, ಮಗುವಿಗೆ."

"ಯಾವ ಮಗು? ನಾಲ್ಕು ಪುಟದಲ್ಲಿ ಎಲ್ಲೂ ಮಗುವಿನ ಹೆಸರೇ ಇಲ್ಲವಲ್ಲ!"

೨. ಯಾರ ಪರೀಕ್ಷೆ

ಎರಡನೆಯ ಅರ್ಜಿ ಮೂರೇ ಸಾಲು. ತಂದೆಯನ್ನು ಕಂಡು ಮಾತಾಡಬೇಕು, ಸೋಮವಾರ ಹತ್ತು ಗಂಟೆಗೆ ಬರಲಿ ಎಂದರು ಹೆಡ್‌ಮಾಸ್ಟರು. ಆ ಸೋಮವಾರವೇ ಚಕ್ರಗಳಿಗೆ ಪಟ್ಟೆ ಕೂರಿಸುವ ದಿನ. ಕಬ್ಬಿಣದ ಬಳೆಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ಇಳಿಸಿ, ತಕ್ಷಣ ಸುತ್ತಲೂ ನೀರು ಹೊಯ್ಯಬೇಕು. ತಡವಾದರೆ ಮರ ಬೂದಿ. ಬೆಂಕಿ ಹೊತ್ತಿಸಿದ ಮೇಲೆ ಮಿಸ್ತ್ರಿ ಅಲ್ಲಿಂದ ಏಳುವ ಹಾಗಿಲ್ಲ. ಮಹಾರಾಜರು ಕರೆದರೂ ಇಲ್ಲ.

ನಾನು ಓಡಿಹೋಗಿ ವಿಷಯ ಹೇಳಿದೆ. ಹೆಡ್‌ಮಾಸ್ಟರು ಕೋಟಿನ ಗುಂಡಿ ಹಾಕಿಕೊಂಡು, ಆಡಳಿತ ಮಂಡಳಿಯ ವಕೀಲರೊಬ್ಬರನ್ನೂ ಕರೆದುಕೊಂಡು ತಾವೇ ಮಿಸ್ತ್ರಿಯ ಕೆಲಸದ ಚಪ್ಪರಕ್ಕೆ ಬಂದರು. "ಏನಯ್ಯಾ ಮಿಸ್ತ್ರಿ, ಮಗಳನ್ನ ಯಾಕೆ ಓದಿಸಬೇಕು ಅಂತೀಯಾ?" ಎಂದು ಪ್ರಶ್ನೆ ಶುರುಮಾಡಿದರು. ಅಷ್ಟರಲ್ಲಿ ಪಟ್ಟೆ ಚಕ್ರಕ್ಕೆ ಇಳಿಯಿತು. ಭಗ್ ಎಂದು ಹೊಗೆ. "ನೀರು! ನೀರು!" ಎಂದು ಮಿಸ್ತ್ರಿ ಕೂಗಿದರು. ಪಟ್ಟೆ ಕೂರಿಸುವಾಗ ಪಕ್ಕದಲ್ಲಿ ನಿಂತವನು ಯಾರೇ ಆಗಲಿ, ಕೈಗೆ ಕೊಡ ಬರುತ್ತದೆ. ವಕೀಲರಿಗೊಂದು ಬಂತು, ಹೆಡ್‌ಮಾಸ್ಟರಿಗೊಂದು ಬಂತು. ಇಬ್ಬರೂ ಪಂಚೆ ಎತ್ತಿಕಟ್ಟಿ ಹೊಯ್ದದ್ದೇ ಹೊಯ್ದದ್ದು.

ಹೊಗೆ ಇಳಿದ ಮೇಲೆ ಮಿಸ್ತ್ರಿ ಚಕ್ರದ ಸುತ್ತ ಬೆರಳಾಡಿಸಿ, ಹೆಡ್‌ಮಾಸ್ಟರು ನಿಂತಿದ್ದ ಕಡೆ ಕರಕಾಗಿದ್ದ ಮರ ತೋರಿಸಿ, ಬೇಜಾರಿನಿಂದ ತಲೆಯಾಡಿಸಿದರು:

"ನಿಮ್ಮ ಕೈ ನಿಧಾನ ಸ್ವಾಮಿ. ಈ ಕೆಲಸಕ್ಕೆ ನಿಮ್ಮನ್ನ ಸೇರಿಸ್ಕೊಳ್ಳೋಕಾಗಲ್ಲ."

೩. ಹಗ್ಗ ಜಾರದ ಮೂಕಿ

ಹೆಡ್‌ಮಾಸ್ಟರಿಗೆ ಸಿಟ್ಟೇನೂ ಬರಲಿಲ್ಲ, ಬಂದದ್ದು ಅನುಮಾನ. ಹುಡುಗಿ ಅಪ್ಪನ ಹಾಗೆ ಎತ್ತರ. "ಇವಳಿಗೆ ಹನ್ನೆರಡಾದರೂ ಆಗಿದೆ. ವಯಸ್ಸಿಗೆ ದಾಖಲೆ ತನ್ನಿ. ಶನಿವಾರ ಸಂಜೆ ಐದಕ್ಕೆ ರಿಜಿಸ್ಟರು ಮುಚ್ಚುತ್ತೇನೆ."

ಹುಟ್ಟಿದ್ದನ್ನು ಬರೆಸಿದವರಾರು? ಆದರೆ ಮಿಸ್ತ್ರಿಯ ಮುಖ ಅರಳಿತು. "ದಾಖಲೆ ಐತೆ ಸ್ವಾಮಿ!" ಮಗಳು ಹುಟ್ಟಿದ್ದು ರಂಜಾನ್ ಹಬ್ಬದ ದಿವಸ. ಅಂದೇ ಮಗುವನ್ನು ಒಂದು ತೇಗದ ಮೂಕಿಯ ಪಕ್ಕ ಮಲಗಿಸಿ ಉದ್ದಕ್ಕೆ ಸರಿಯಾಗಿ ಒಂದು ಕಚ್ಚು ಹಾಕಿದ್ದರಂತೆ. ಮೂಕಿಯೆಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆ ಮರ. ಆಮೇಲೆ ಪ್ರತಿ ರಂಜಾನಿಗೆ ಹೊಸ ಬಟ್ಟೆ ಹಾಕಿದ ಮಗಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿ ಒಂದೊಂದು ಕಚ್ಚು. ಮೊದಲಿನ ಐದು ತಾಯಿ ಅಡುಗೆ ಚಾಕುವಿನಲ್ಲಿ ಹಾಕಿದವು, ಸೊಟ್ಟಪಟ್ಟ. ಉಳಿದವು ಮಿಸ್ತ್ರಿಯ ಉಳಿಯವು.

ಚಪ್ಪರದ ಮೂಲೆಗೆ ಹೋಗಿ ನೋಡುತ್ತೇವೆ, ಮೂಕಿಯಿಲ್ಲ!

ಮಿಸ್ತ್ರಿಯ ತಮ್ಮ ಬೀಡಿ ಆರಿಸಿ ಎದ್ದು ನಿಂತ. ಹೋದ ತಿಂಗಳು ಅಣ್ಣ ಮರ ತರಲು ಕೋಟೆ ಕಾಡಿನ ಕಡೆ ಹೋಗಿದ್ದಾಗ, ಆ ಮೂಕಿಯನ್ನು ಗಾಡಿಗೆ ಜೋಡಿಸಿ ಬೆಟ್ಟದಪುರದ ಹೊಗೆಸೊಪ್ಪಿನ ಗೌಡರೊಬ್ಬರಿಗೆ ಮಾರಿಬಿಟ್ಟಿದ್ದ.

"ಅದರಲ್ಲಿ ಕಚ್ಚು ಇದ್ದದ್ದು ಕಾಣಲಿಲ್ವೇನೋ?"

"ಕಂಡೆ ಭಾಯಿ. ಹಗ್ಗ ಜಾರದೇ ಇರ್ಲಿ ಅಂತ ನೀನೇ ಹಾಕಿದೀಯಾ ಅಂದ್ಕೊಂಡೆ. ಗೌಡ್ರಿಗೂ ಹಂಗೇ ಹೇಳ್ದೆ. ಬಹಳ ಖುಷಿಪಟ್ರು!"

ಮಿಸ್ತ್ರಿ ಬಯ್ಯಲಿಲ್ಲ. ಮೂಕಿ ನಿಂತಿದ್ದ ಖಾಲಿ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವಳ ಕೈ ಗುರುತು ಅಂತ ಮನೇಲಿ ಇದ್ದಿದ್ದು ಅದೊಂದೇ," ಎಂದರು.

೪. ಬೆಟ್ಟದಪುರ

ಶುಕ್ರವಾರ ಜಡಿಮಳೆ. ಇಬ್ಬರೂ ಒಂದೇ ಕಂಬಳಿ ಹೊದ್ದು ಬೆಟ್ಟದಪುರ ತಲುಪಿದಾಗ ಬೆಟ್ಟವೇ ಕಾಣುತ್ತಿರಲಿಲ್ಲ. ಗೌಡರು ಜಗಲಿಯಲ್ಲಿದ್ದರು. ವಿಷಯ ಕೇಳಿ, "ಅಯ್ಯೋ ಸಿವನೇ, ಎಣ್ಮಗಾ ಓದದು ಅಂದ್ರೆ ಬ್ಯಾಡ ಅಂದೇನಾ? ಗಾಡೀನೇ ಒಡ್ಕೊಂಡು ಬತ್ತೀನಿ ಬುಡಿ. ಆದ್ರೆ..." ಎಂದು ತಲೆ ಕೆರೆದುಕೊಂಡರು.

"ಆದ್ರೆ ಏನು ಗೌಡ್ರೆ?"

"ನನ್ನ ಮೂಕಿ ನೋಡಿ, ಇದ್ಯಾವ್ದೋ ಒಸಾ ನಮೂನೆ ಕಣ್ಲಾ ಅಂತ ನಮ್ಮೂರ ನಾಲ್ಕು ಜನ ಅವರವರ ಮೂಕಿಗೂ ಅಂಗೇ ಕಚ್ಚಾಕ್ಸವ್ರೆ. ಮೊನ್ನೆ ಎಲ್ಲಾ ಗಾಡೀನೂ ಬಿಚ್ಚಿ ಕೀಲೆಣ್ಣೆ ಬಳ್ದೊ. ತಿರುಗಿ ಕಟ್ಟೋವಾಗ ಯಾರ ಮೂಕಿ ಯಾರ ಗಾಡಿಗೆ ಓಯ್ತೋ, ಆ ಬೆಟ್ಟದ ದೇವ್ರೇ ಬಲ್ಲ."

ಐದು ಗಾಡಿ. ಐದಕ್ಕೂ ಹನ್ನೊಂದು ಹನ್ನೊಂದು ಕಚ್ಚು, ಮೇಲೆಲ್ಲ ಎಣ್ಣೆಯ ಮಸಿ. ಕೆಳಗಿನ ಕಚ್ಚುಗಳು ಗಾಡಿಯ ಅಡಿಯಲ್ಲಿ ಮರೆಯಾಗಿದ್ದವು. ಮಿಸ್ತ್ರಿ ಒಂದೊಂದು ಗಾಡಿಯ ಕೆಳಗೂ ಕೆಸರಿನಲ್ಲಿ ಅಂಗಾತ ಮಲಗಿ ತೆವಳಿ, ಕತ್ತಲೆಯಲ್ಲಿ ಹೆಬ್ಬೆರಳಾಡಿಸಿದರು. ಒಂದು, ಎರಡು, ಮೂರು. ನಾಲ್ಕನೆಯ ಗಾಡಿಯ ಕೆಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಗ್ಗಿ ನೋಡಿದೆ. ಸೊಟ್ಟ ಕಚ್ಚಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಮಲಗಿದ್ದರು.

ಗೌಡರೂ ಬಗ್ಗಿ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಸ್ವಾಮೇರ, ಅಂಗಾದ್ರೆ ನಿಜವಾಗ್ಲೂ ಹಗ್ಗ ಜಾರಲ್ಲ ಅನ್ನೋದು ಸುಳ್ಳಾ?"

೫. ಲಗತ್ತು

ಶನಿವಾರ ನಾಲ್ಕೂವರೆಗೆ ಎತ್ತಿನ ಗಾಡಿ ಶಾಲೆಯ ಅಂಗಳಕ್ಕೆ ಬಂತು. ಹೆಡ್‌ಮಾಸ್ಟರು ಕೊಡೆ ಹಿಡಿದು ಬಂದು ಕಚ್ಚು ಎಣಿಸಿದರು. "ಹನ್ನೊಂದು. ಅಂದರೆ ಹನ್ನೊಂದು ವರ್ಷ. ಆಗುವುದಿಲ್ಲ."

"ಮೊದಲನೇದು ಹುಟ್ಟಿದ ದಿನದ್ದು ಸ್ವಾಮಿ," ಎಂದರು ಮಿಸ್ತ್ರಿ.

"ಹಾಗಿದ್ದರೂ ಹತ್ತು ತುಂಬಿತು. ಆಗುವುದಿಲ್ಲ."

ಮಿಸ್ತ್ರಿ ಮಗಳ ಕೈ ಹಿಡಿದು ತಿರುಗಿಯೇಬಿಟ್ಟರು. ನನ್ನ ಬಿ.ಎ. ಪ್ರಯೋಜನಕ್ಕೆ ಬಂದದ್ದು ಜನ್ಮದಲ್ಲಿ ಆಗ ಒಂದೇ ಸಲ. "ಸಾರ್! ರಂಜಾನ್ ಚಂದ್ರನ ಲೆಕ್ಕ! ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತೆ. ಹತ್ತು ರಂಜಾನ್ ಅಂದರೆ ಹತ್ತು ವರ್ಷಕ್ಕೆ ಮೂರೂವರೆ ತಿಂಗಳು ಕಮ್ಮಿ. ಹೋದ ರಂಜಾನ್ ಆಗಿ ಇನ್ನೂ ಒಂದೂವರೆ ತಿಂಗಳು!"

ಹೆಡ್‌ಮಾಸ್ಟರು ಒಳಗೆ ಹೋಗಿ ಸ್ಲೇಟು ಹಿಡಿದು ಕೂತರು. ನಾವು ಮಳೆಯಲ್ಲಿ ನಿಂತೆವು. ಐದಕ್ಕೆ ಐದು ನಿಮಿಷವಿದ್ದಾಗ ಬಾಗಿಲಿಗೆ ಬಂದರು. "ಎರಡು ತಿಂಗಳು ಕಮ್ಮಿ ಇದೆ. ಸೇರಿಸಿಕೊಂಡಿದ್ದೇನೆ. ದಾಖಲೆ ಬಿಟ್ಟು ಹೋಗಿ."

"ಬಿಟ್ಟು?"

"ಮೂಲ ದಾಖಲೆ ಅರ್ಜಿಗೆ ಲಗತ್ತಾಗಿರಬೇಕು. ನಿಯಮ."

ಮೂಕಿ ಬಿಚ್ಚಿ ಆಫೀಸಿನ ತೊಲೆಗೆ ನೇತುಹಾಕಿದ್ದಾಯಿತು. ಬರಿಯ ನೊಗ ಹೊತ್ತು ನಿಂತ ಎತ್ತುಗಳನ್ನು ನೋಡಿ ಗೌಡರು ಕೈಮುಗಿದರು: "ಮೇಷ್ಟ್ರೇ, ಇವೆಲ್ಡನ್ನೂ ಸೇರಿಸ್ಕಂಡ್ಬುಡಿ. ಇನ್ಮ್ಯಾಕೆ ಇವಕ್ಕೂ ಓದೋದ್ ಬುಟ್ರೆ ಬ್ಯಾರೆ ಕ್ಯಾಮೆ ಇಲ್ಲ!"

೬. ಮೂಕಿ ಮನೆಗೆ ಬಂದದ್ದು

ಗೌಡರಿಗೆ ಮಿಸ್ತ್ರಿ ಹೊಸ ಮೂಕಿ ಮಾಡಿಕೊಟ್ಟರು. ಗೌಡರು ಹಟ ಹಿಡಿದು ಅದಕ್ಕೂ ಕಚ್ಚು ಹಾಕಿಸಿಕೊಂಡರು. ಹುಡುಗಿ ನಾಲ್ಕು ವರ್ಷ ಓದಿದಳು. ಅಷ್ಟರಲ್ಲಿ ಬೆಂಕಿಯ ಮುಂದೆ ಕೂತೂ ಕೂತೂ ಮಿಸ್ತ್ರಿಯ ಕಣ್ಣಿಗೆ ಪೊರೆ ಬಂದು, ಉಳಿ ತಮ್ಮನ ಕೈಗೆ ಹೋಗಿತ್ತು. ಮಗಳೇ ಅವರಿಗೆ ಕಾಗದಪತ್ರ ಓದಿ ಹೇಳುತ್ತಿದ್ದಳು. ಶಾಲೆ ಬಿಡುವ ದಿನ ಮೂಲ ದಾಖಲೆ ವಾಪಸು ಕೊಡಬೇಕಲ್ಲ. ನಾನೇ ಅವರ ಕೈ ಹಿಡಿದು ಕರೆದುಕೊಂಡು ಹೋದೆ.

ಮೂಕಿಯನ್ನು ಇಳಿಸಿ ಮುಂದೆ ಮಲಗಿಸಿದರು. ಮಿಸ್ತ್ರಿ ನೆಲದ ಮೇಲೆ ಕೂತು ಬುಡದಿಂದ ಹೆಬ್ಬೆರಳು ಓಡಿಸಿದರು. ಸೊಟ್ಟ ಐದು. ನೇರ ಆರು. ಬೆರಳು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇನ್ನೂ ಮೇಲೆ ಹೋಯಿತು.

"ಸ್ವಾಮಿ, ಇಲ್ಲಿ ಇನ್ನೂ ನಾಲ್ಕು ಕಚ್ಚು ಐತೆ. ಇವು ನನ್ನವಲ್ಲ. ಪೆನ್ಸಿಲ್ ಕೆತ್ತೋ ಚಾಕುವಿಂದು."

ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. "ದಾಖಲೆ ಅಂದ ಮೇಲೆ ಅರ್ಧಕ್ಕೆ ನಿಲ್ಲಬಾರದು. ಪ್ರತಿ ರಂಜಾನ್ ಮಾರನೇ ದಿನ ಅವಳನ್ನು ನಿಲ್ಲಿಸಿ ಹಾಕಿದ್ದೇನೆ. ಎಷ್ಟನೇ ವರ್ಷವೋ ಪಕ್ಕದಲ್ಲಿ ಅಷ್ಟು ಗೀರು."

  ನಾನು ಗೋಡೆಯ ಪಂಚಾಂಗ ಓದತೊಡಗಿದೆ. ಅಷ್ಟರಲ್ಲಿ ಮಿಸ್ತ್ರಿಯ ಬೆರಳು ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿ, ಹುಬ್ಬು ಗಂಟಾಯಿತು. ಅವರೊಳಗಿನ ಹಳೆಯ ಮಿಸ್ತ್ರಿ ಎದ್ದು ಕೂತರು.

"ಇದೇನು ಸ್ವಾಮಿ ಹಿಂಗೆ? ಎರಡನೇ ವರ್ಷದ ಕಚ್ಚು ಮೇಲೈತೆ, ಮೂರನೇ ವರ್ಷದ್ದು ಕೆಳಗೈತೆ! ನಿಮ್ಮ ಸ್ಕೂಲಿಗೆ ಬಂದು ನನ್ನ ಮಗಳು ಒಂದು ಬೆರಳು ಗಿಡ್ಡ ಆಗಿದಾಳೆ!"

ಹೆಡ್‌ಮಾಸ್ಟರು ಈ ಕಡೆ ತಿರುಗಿದರು. ಊರಲ್ಲಿ ಯಾರೂ ಕಾಣದಿದ್ದ ಆ ನಗುವನ್ನು ಅಂದು ನಾನೊಬ್ಬನೇ ಕಂಡೆ, ಕಾಣಬೇಕಾದವರಿಗೆ ಕಣ್ಣಿರಲಿಲ್ಲ.

"ಗಿಡ್ಡ ಆಗಿಲ್ಲ ಕಣಯ್ಯಾ. ಆ ವರ್ಷ ಲೆಕ್ಕದಲ್ಲಿ ಫೇಲಾಗಿದ್ದಳು. ಎಷ್ಟು ಹೇಳಿದರೂ ತಲೆ ಎತ್ತಲೇ ಇಲ್ಲ."