ಸುಗಂಧಾಳ ಐದೇ ಐದು ಸಾಮಾನು

ಅಂಕೋಲೆಯ ಮೀನುಪೇಟೆಯಲ್ಲಿ ಜಟ್ಟಪ್ಪ ಬಂಗಡೆಯ ಕಣ್ಣು ನೋಡುವಷ್ಟು ಹೊತ್ತು ತನ್ನ ಕಣ್ಣನ್ನು ಒಮ್ಮೆಯಾದರೂ ನೋಡಬಾರದೇ ಎಂಬುದು ಹೆಂಡತಿ ಸುಗಂಧಾಳ ಬಹುಕಾಲದ ದೂರು. ಭಾನುವಾರ ಬಂತೆಂದರೆ ಆತ ಮೀನನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ, ಕಿವಿರು ಬಿಡಿಸಿ ಬಣ್ಣ ನೋಡುತ್ತಿದ್ದ, ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಿದ್ದ, ಕೊನೆಗೆ ಪ್ರೀತಿಯಿಂದ "ಚಲೋ ಅದೆ" ಅನ್ನುತ್ತಿದ್ದ. ಪಕ್ಕದಲ್ಲಿ ನಿಂತ ಸುಗಂಧಾಳಿಗೆ ಸಿಗುತ್ತಿದ್ದುದು "ಚೀಲ ಹಿಡಿ" ಎಂಬ ಎರಡು ಪದ ಮಾತ್ರ.

ಹಾಗೆಂದು ಜಟ್ಟಪ್ಪ ಕೆಟ್ಟವನೇನಲ್ಲ. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಅಂಕೋಲೆಯ ಬೊಬ್ರುವಾಡದ ಮನೆಯಿಂದ ಹೊರಟು ಬಸ್ಸು ಹಿಡಿದರೆ ಸಂಜೆ ಪೇಪರು ಓದುತ್ತಲೇ ಬಸ್ಸಿಳಿದು ಬರುತ್ತಿದ್ದ. ಕುಡಿಯುವುದಿಲ್ಲ, ಬೈಯುವುದಿಲ್ಲ. (ಬೈಯಲಿಕ್ಕಾದರೂ ಒಮ್ಮೆ ಮುಖ ನೋಡಬೇಕಲ್ಲ!) ಮದುವೆಯಾದ ಹೊಸತರಲ್ಲಿ ಬಸ್ಸಿಗೆ ಹೊರಟವನು ಅಂಗಳದ ಬೇಲಿಬಾಗಿಲಾದ ದಣಪೆಯ ಹತ್ತಿರ ನಿಂತು ಹಿಂತಿರುಗಿ ನೋಡುತ್ತಿದ್ದ. ಅದು ಯಾವಾಗ ನಿಂತುಹೋಯಿತೋ ಸುಗಂಧಾಳಿಗೆ ನೆನಪಿಲ್ಲ. ನಿಂತುಹೋದದ್ದು ಮಾತ್ರ ದಿನಾ ಬೆಳಿಗ್ಗೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಚೌತಿ ಹಬ್ಬಕ್ಕೆ ಸುಗಂಧಾಳ ಅಕ್ಕನ ಮಗಳು ನಿಶಾ ಬಂದಳು. ಕಾರವಾರದಲ್ಲಿ ಬ್ಯೂಟಿ ಪಾರ್ಲರಿನ ಕೆಲಸ ಕಲಿಯುತ್ತಿದ್ದ ಹುಡುಗಿ. ಕೈಯಲ್ಲಿ ಹೊಸ ಮೊಬೈಲು, ಬಾಯಲ್ಲಿ ಹೊಸ ಮಾತು. ಬಾಚಣಿಗೆ ಹುಡುಕುತ್ತ ಚಿಕ್ಕಮ್ಮನ ಕಪಾಟು ತೆರೆದವಳು ಹಾಗೇ ನಿಂತುಬಿಟ್ಟಳು. ಗಟ್ಟಿಯಾದ ಉಗುರುಬಣ್ಣ, ತುಕ್ಕು ಹಿಡಿದ ಪೌಡರ್ ಡಬ್ಬಿಗಳು, ದುಬೈಯಿಂದ ಯಾರೋ ತಂದುಕೊಟ್ಟು ಯಾವ ಕಾಲಕ್ಕೋ ಆವಿಯಾಗಿಹೋದ ಸೆಂಟಿನ ಬಾಟಲಿ, ಮದುವೆಯಲ್ಲಿ ಬಂದ, ಮುಖಕ್ಕೆ ಹಚ್ಚುವ ಸ್ನೋ!

"ಚಿಕ್ಕಿ, ಇದೆಂತ ಕಪಾಟೋ, ಮ್ಯೂಸಿಯಮ್ಮೋ?"

"ಎಲ್ಲ ಬೇಕಾಗ್ತದೆ, ಇರ್ಲಿ ಬಿಡು."

"ಒಂದೂ ಬೇಕಾಗೂದಿಲ್ಲ. ಈಗ ಎಲ್ಲ ಕಡೆ ಕಮ್ಮಿ ಸಾಮಾನೇ ಫ್ಯಾಶನ್ನು. ಐದೇ ಐದು ಸಾಕು. ಮುಖಕ್ಕೊಂದು ಕ್ರೀಮು, ಬಿಸ್ಲಿಗೊಂದು ಕ್ರೀಮು, ಕನ್ನಡಿ ಇದ್ದ ಪೌಡರ್ ಡಬ್ಬಿ, ಕಾಡಿಗೆ, ಒಂದು ಲಿಪ್‌ಸ್ಟಿಕ್ಕು. ಹಚ್ಕಂಡದ್ದೇ ಗೊತ್ತಾಗೂದಿಲ್ಲ."

"ಗೊತ್ತಾಗ್ದೇ ಇದ್ರೆ ಹಚ್ಕಳೂದು ಎಂತಕೆ?"

"ಬಣ್ಣ ಕಾಣೂದಿಲ್ಲ ಚಿಕ್ಕಿ. ನಿನ್ನ ಮುಖ ಕಾಣ್ತದೆ."

ಆ ಮಾತು ಸುಗಂಧಾಳ ಎದೆಗೆ ನಾಟಿತು. ಮುಖ ಕಾಣಬೇಕು. ಅವಳಿಗೆ ಬೇಕಾದದ್ದೂ ಅಷ್ಟೇ.

ಮರುದಿನವೇ ಮಹಾತ್ಯಾಗ ನಡೆಯಿತು. ಕಪಾಟಿನ ಸಮಸ್ತ ಸಾಮ್ರಾಜ್ಯವೂ ಹಿತ್ತಲ ತೆಂಗಿನ ಬುಡದ ಹೊಂಡ ಸೇರಿತು. (ಆ ವರ್ಷ ಆ ಮರ ಯಾಕೆ ಕಾಯಿ ಕಮ್ಮಿ ಬಿಟ್ಟಿತು ಎಂದು ಅತ್ತೆ ಬೀರಮ್ಮ ಇವತ್ತಿಗೂ ಕೇಳುತ್ತಾರೆ. ಉತ್ತರ ಗೊತ್ತಿದ್ದವರು ಬಾಯಿ ಬಿಡುವುದಿಲ್ಲ.) ಆಮೇಲೆ ಶುರುವಾಯಿತು ಐದು ಸಾಮಾನುಗಳ ಶೋಧ. ಕ್ರೀಮುಗಳನ್ನೂ ಪೌಡರನ್ನೂ ನಿಶಾಳೇ ಒಂದೊಂದಾಗಿ ತಂದುಕೊಟ್ಟಳು, ಕಾಡಿಗೆ ಅಂಕೋಲೆಯಲ್ಲೇ ಸಿಕ್ಕಿತು. ಲಿಪ್‌ಸ್ಟಿಕ್ಕನ್ನು ಮಾತ್ರ ಸ್ವತಃ ನೋಡಿಯೇ ಆರಿಸಬೇಕೆಂದು ಹಲ್ಲುನೋವಿನ ನೆಪ ಹೇಳಿ ಕಾರವಾರಕ್ಕೆ ಹೋದಳು. ಅಂಗಡಿಯವನು ಅವಳ ಮುಂಗೈ ಮೇಲೆ ಎಲ್ಲ ಬಣ್ಣಗಳ ಗೆರೆ ಎಳೆದು ತೋರಿಸಿದ. ಅವಳು ಕುಂಕುಮಕ್ಕೆ ಹತ್ತಿರದ ಒಂದು ಕೆಂಪನ್ನು ಆರಿಸಿಕೊಂಡಳು. ಗೆರೆಗಳು ಎಷ್ಟು ತಿಕ್ಕಿದರೂ ಹೋಗಲಿಲ್ಲ.

"ಅಯ್ಯಯ್ಯ, ಕೈಗೆ ಎಂತಾಯ್ತೆ? ಬೆಕ್ಕು ಕೆರೀತಾ?" ಎಂದು ಬೀರಮ್ಮ ಅರಿಶಿನ ಅರೆದು ಮೆತ್ತಿದರು. ಹಲ್ಲುನೋವಿಗೆ ಹೋದ ಸೊಸೆ ಕೈಗೆ ಔಷಧ ಹಚ್ಚಿಸಿಕೊಂಡು ಕೂತಳು.

ಐದೂ ಕೂಡಿದ ಮೇಲೆ ಸುಗಂಧಾ ಅವನ್ನು ಸಣ್ಣ ಬೆತ್ತದ ಬುಟ್ಟಿಯಲ್ಲಿ ಜೋಡಿಸಿದಳು. ಜೊತೆಗೊಂದು ಹೊಸ ಬಾಚಣಿಗೆ ಇಟ್ಟಳು. ಧೂಳು ಕೂರದಿರಲೆಂದು ಮೇಲೆ ಹಸಿರು ರವಿಕೆ ಕಣ ಮುಚ್ಚಿ ಕಪಾಟಿನಲ್ಲಿಟ್ಟಳು. ಆದರೆ ಒಂದನ್ನೂ ಹಚ್ಚಿಕೊಳ್ಳಲಿಲ್ಲ. ನವರಾತ್ರಿಯ ಶುಕ್ರವಾರಕ್ಕೆಂದು ಕಾದಿಟ್ಟಳು. ಆ ಸಂಜೆ ಅತ್ತೆ ದೇವಿಯ ಗುಡಿಗೆ ಹೋಗಿರುತ್ತಾರೆ. ತಾನು ದಣಪೆಯ ಹತ್ತಿರ ನಿಂತಿರಬೇಕು, ಬಸ್ಸಿಳಿದು ಬಂದ ಜಟ್ಟಪ್ಪ ಪೇಪರಿನಿಂದ ತಲೆ ಎತ್ತಬೇಕು, ನೋಡಬೇಕು. ಅವಳ ಕನಸು ಅಲ್ಲಿಂದ ಮುಂದೆ ಹೋಗುತ್ತಲೇ ಇರಲಿಲ್ಲ. ಮತ್ತೆ ಮತ್ತೆ ಹಿಂದಕ್ಕೆ ಬಂದು, ಅವನನ್ನು ಮತ್ತೆ ಬಸ್ಸಿನಿಂದ ಇಳಿಸಿ, ಮತ್ತೆ ತಲೆ ಎತ್ತಿಸುತ್ತಿತ್ತು.

ಈ ಕನಸಿನ ನಡುವೆ ಬೀರಮ್ಮ ಎರಡು ಮೂರು ಸಲ ಹೇಳಿದ್ದರು. "ಶುಕ್ರವಾರ ದೇವಿಗೆ ಉಡಿ ತುಂಬೂದದೆ. ಕಣ, ಕನ್ನಡಿ, ಬಾಚಣಿಗೆ, ಕಾಡಿಗೆ, ಕುಂಕುಮ ಎಲ್ಲ ಜೋಡ್ಸಿ ಇಡು ಮಾರಾಯ್ತಿ."

"ಹ್ಞೂಂ ಅತ್ತೆ" ಎಂದಿದ್ದಳು ಸುಗಂಧಾ. ಬಾಯಿ ಹ್ಞೂಂ ಅಂದದ್ದು ಕಿವಿಗೆ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ತಲೆಗೆ ಮಿಂದು ಬಂದು ಕಪಾಟು ತೆರೆದಳು. ಬುಟ್ಟಿ ಇರಲಿಲ್ಲ. ಮಂಚದ ಕೆಳಗೆ ನೋಡಿದಳು, ಅಕ್ಕಿ ಡಬ್ಬಿಯ ಹಿಂದೆ ನೋಡಿದಳು, ಹಿತ್ತಲಿಗೂ ಬಂದು ನೋಡಿದಳು. ಬೇಲಿಯಾಚೆ ಹೂ ಕೊಯ್ಯುತ್ತಿದ್ದ ನೆರೆಮನೆಯ ಕಾಶಿ ಕೂಗಿ ಹೇಳಿದಳು.

"ಎಂತ ಹುಡುಕ್ತೆ? ನಿಮ್ಮತ್ತೆ ಆಗ್ಲೇ ಉಡಿ ತಕಂಡು ಗುಡಿಗೆ ಹೋದ್ರಲ್ಲ! ಹಸ್ರು ಕಣದ ಬುಟ್ಟಿ. ನಂಗೂ ತೋರ್ಸಿದ್ರು. ಎಷ್ಟು ಚೆಂದ ಜೋಡ್ಸಿದ್ಯೇ!"

ಕಣ, ಕನ್ನಡಿ, ಬಾಚಣಿಗೆ, ಕಾಡಿಗೆ, ಕೆಂಪು. ಸುಗಂಧಾಳಿಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಒಂದು ಸಾಮಾನು ಹೆಚ್ಚಿದ್ದರೂ ಅತ್ತೆಗೆ ಅನುಮಾನ ಬರುತ್ತಿತ್ತು. ಕಮ್ಮಿ ಇಟ್ಟುಕೊಂಡದ್ದೇ ತಪ್ಪಾಯಿತು. ಒದ್ದೆ ತಲೆಯಲ್ಲೇ ಗುಡಿಗೆ ಓಡಿದಳು.

ಓಡಿ ಪ್ರಯೋಜನವಾಗಲಿಲ್ಲ. ಗರ್ಭಗುಡಿಯಲ್ಲಿ ಉಮಾಮಹೇಶ್ವರ ಭಟ್ಟರು ಪೌಡರ್ ಡಬ್ಬಿಯ ಮುಚ್ಚಳ ತೆರೆದು ದೇವಿಗೆ ದರ್ಪಣಸೇವೆ ಮಾಡುತ್ತಿದ್ದರು. ಪೌಡರಿನ ಪುಡಿ ದೀಪದ ಬೆಳಕಿನಲ್ಲಿ ಹಾರಾಡುತ್ತಿತ್ತು. ಕ್ರೀಮುಗಳು ಚಂದನದ ವಾಸನೆ ಬರುತ್ತಿದ್ದುದರಿಂದ ದೇವಿಯ ಪಾದಕ್ಕೆ ಸಂದಿದ್ದವು. ಕಾಡಿಗೆ ಕಣ್ಣಿಗೇರಿತ್ತು. ಲಿಪ್‌ಸ್ಟಿಕ್ಕು? ಭಟ್ಟರು ಅದನ್ನು ಹೊಸ ನಮೂನೆಯ ಕಡ್ಡಿ ಕುಂಕುಮವೆಂದು ತಿಳಿದು ದೇವಿಯ ಹಣೆಗೆ ಉದ್ದ ತಿಲಕ ಎಳೆದಿದ್ದರು.

"ಬಂದ್ಯಾ?" ಎಂದು ಬೀರಮ್ಮ ಸೊಸೆಯ ಕೈ ಹಿಡಿದು ನೆರೆದ ಹೆಂಗಸರ ಮುಂದೆ ನಿಲ್ಲಿಸಿದರು. "ನಾ ಜೋಡ್ಸು ಅಂದದ್ದು ಅಷ್ಟೇ. ಇದು ಯಾರಿಗೂ ಹೇಳ್ದೆ ಕಾರವಾರದಿಂದ ಒಳ್ಳೊಳ್ಳೆ ಸಾಮಾನು ತರ್ಸಿ, ಮುಚ್ಚಿ ಇಟ್ಟಿತ್ತು. ಇಂಥ ಸೊಸೆ ಯಾರ ಮನೇಲದೆ ಹೇಳಿ!"

ಅತ್ತೆ ಹೊಗಳಿದ್ದು ಜನ್ಮದಲ್ಲಿ ಇದೇ ಮೊದಲು. ದೇವಿಗೆ ಏರಿದ್ದನ್ನು ತಿರುಗಿ ಕೇಳುವ ಬಾಯಿ ಯಾರಿಗಿದೆ?

ಆಗ ಜಟ್ಟಪ್ಪ ಬಂದ. ಬಸ್ಸಿಳಿದವನು ಸೀದಾ ಗುಡಿಗೇ ಬಂದಿದ್ದ. ಪೇಪರನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಪಕ್ಕ ನಿಂತು ಕೈ ಮುಗಿದ. ತಲೆ ಎತ್ತಿದ. ನೋಡಿದ. ನೋಡುತ್ತಲೇ ಇದ್ದ.

"ಏ, ಇವತ್ತು ದೇವಿ ಮುಖ ನೋಡಿದ್ಯಾ?" ಎಂದ ಮೆಲ್ಲಗೆ. "ಏನು ಕಳೆ! ಹಚ್ಚಿದ್ದೇ ಗೊತ್ತಾಗೂದಿಲ್ಲ, ಮುಖ ಮಾತ್ರ ಎದ್ದು ಕಾಣ್ತದೆ." ಆಮೇಲೆ ಗರ್ಭಗುಡಿಯಿಂದ ಕಣ್ಣು ತೆಗೆಯದೆಯೇ ಹೇಳಿದ. "ನೀನೂ ಇಂಥದ್ದು ಒಂದು ತಕಂಡು ಹಚ್ಕಬಾರ್ದಾ?"

ಸುಗಂಧಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೇವಿಯ ಮೇಲೆ ಹೊಟ್ಟೆಕಿಚ್ಚುಪಡುವುದು ಪಾಪವೆಂದು ಗೊತ್ತಿದ್ದೂ ಒಂದು ಗಳಿಗೆ ಹೊಟ್ಟೆಕಿಚ್ಚುಪಟ್ಟಳು.

ಬೀರಮ್ಮನಿಗೆ ಮಗನ ಮಾತು ಕೇಳಿ ಉತ್ಸಾಹ ಉಕ್ಕಿತು. "ಭಟ್ರೇ, ಹರಕೆ ಹೇಳಿಬಿಡಿ. ಇನ್ಮೇಲೆ ಪ್ರತಿ ವರ್ಷ ನವರಾತ್ರಿಗೆ ನಮ್ಮ ಸುಗಂಧಾ ಇದೇ ನಮೂನೆ ಉಡಿ ಕೊಡ್ತದೆ."

"ಅದಕ್ಕೆಂತ, ನಾನೇ ತರ್ತೆ" ಎಂದ ಜಟ್ಟಪ್ಪ. "ದಿನಾ ಕಾರವಾರಕ್ಕೆ ಹೋಗೂದೇ ಅಲ್ದಾ? ಆ ಕೆಂಪು ಕಡ್ಡಿಗೆ ಎಂತ ಅಂತ್ರು, ಹೇಳಿಡು."

ಇಷ್ಟು ವರ್ಷದಲ್ಲಿ ಕಾರವಾರದಿಂದ ಒಂದು ಮೊಳ ಹೂ ತಾರದ ಗಂಡ! ಸುಗಂಧಾಳಿಗೆ ತಡೆಯಲಾಗಲಿಲ್ಲ. ಕಣ್ಣಿನಿಂದ ಧಾರೆ ಇಳಿಯಿತು. ಬಿಕ್ಕಿದ ಸದ್ದಿಗೆ ಜಟ್ಟಪ್ಪ ತಿರುಗಿದ.

ಅವಳನ್ನೇ ನೋಡಿದ. ಒದ್ದೆ ಕೂದಲು, ಬೋಳು ಹಣೆ, ಕೆಂಪಾದ ಕಣ್ಣು. ಏನೂ ಹಚ್ಚದ ಆ ಮುಖವನ್ನು ಎದುರಿಗೇ ನಿಂತು, ಹುಬ್ಬು ಗಂಟಿಕ್ಕಿ, ನೆಟ್ಟ ಕಣ್ಣಿನಿಂದ ನೋಡಿದ. ಸುಗಂಧಾ ಉಸಿರು ಬಿಗಿಹಿಡಿದು ಕಾದಳು.

"ಮೂಗು ಒರ್ಸ್ಕ" ಎಂದ. "ಭಟ್ರು ಆರತಿ ತರ್ತಾ ಇದ್ರು."

ಸುಗಂಧಾ ಸೆರಗು ಎತ್ತಿಕೊಂಡಳು. ಸರಿಯಾಗಿ ಒರೆಸಿಕೊಳ್ಳುತ್ತಾಳೋ ಇಲ್ಲವೋ ಎಂದು ಅವನು ನೋಡುತ್ತಲೇ ನಿಂತಿದ್ದ. ಅವಳು ಬೇಕೆಂದೇ ನಿಧಾನವಾಗಿ ಒರೆಸಿಕೊಂಡಳು.